ಲಾಂಡ್ರಿಯಮ್ಮ ಮೂಸಿ ನೋಡಿದ ಬಾರುಗಳು

ಸಂಜೆ ಐದಕ್ಕೆ ಬಾರುಗಳು ಬಾಗಿಲು ತೆರೆಯುವಾಗ ಒಳಗೆ ಗಿರಾಕಿಗಳು ಇರುವುದಿಲ್ಲ. ಕುರ್ಚಿಗಳನ್ನು ಆಗಷ್ಟೇ ಮೇಜಿನಿಂದ ಕೆಳಗಿಳಿಸಿರುತ್ತಾರೆ, ನೆಲ ಇನ್ನೂ ಒದ್ದೆ ಇರುತ್ತದೆ, ಗ್ಲಾಸು ಒರೆಸುವವನು ಆಕಳಿಸುತ್ತಿರುತ್ತಾನೆ. ಅಂಥ ಹೊತ್ತಿನಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಕೈಚೀಲವನ್ನು ಎದೆಗವಚಿಕೊಂಡು ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯೇ ಬೇಕೆಂದು ಕೇಳಿ ಕೂತು, ಎದುರಿಗಿಟ್ಟ ಬಣ್ಣದ ಪಾನೀಯವನ್ನು ಕುಡಿಯದೆ ಬರೀ ಮೂಸಿ ನೋಡಿ ಎದ್ದು ಹೋದರೆ, ಆ ಬಾರಿನವರು ಅದನ್ನು ಬೇಗ ಮರೆಯುವುದಿಲ್ಲ. ಜೊತೆಯಲ್ಲಿ ಕೂತು ಬರೆದುಕೊಳ್ಳುವ ಗಂಡಸು ಆಕೆಯ ಮಗ ಎಂದು ಕೆಲವರಿಗೆ ಗೊತ್ತಿತ್ತು. ನಗರದ ಒಳ್ಳೆಯ ಬಾರುಗಳು ಯಾವುವು ಎಂದು ವಾರಪತ್ರಿಕೆಯಲ್ಲಿ ಅಂಕಣ ಬರೆಯುವವನು ಅವನೇ ಎಂಬುದೂ ಗೊತ್ತಿತ್ತು. ಒಂದು ಹನಿಯೂ ಕೂಡದು ಎಂದು ಡಾಕ್ಟರು ಅವನಿಗೆ ಹೇಳಿದ್ದು ಮಾತ್ರ ಅಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಬೀದಿಯವರೆಲ್ಲ ಆಕೆಯನ್ನು ಲಾಂಡ್ರಿಯಮ್ಮ ಎನ್ನುತ್ತಿದ್ದರು. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಗೆ ಸೇರಿ, ಹಾಸು ಹೊದಿಕೆಗಳ ಕೋಣೆಯ ಮೇಲ್ವಿಚಾರಕಿಯಾಗಿ ನಿವೃತ್ತರಾದವರು. ಯಂತ್ರದಿಂದ ಬಿಸಿಬಿಸಿಯಾಗಿ ಬಂದ ಚಾದರವನ್ನು ಮೂಗಿಗೆ ಹಿಡಿದು, ‘ಅರ್ಧ ಒಣಗಿದೆ, ತಿರುಗಿ ಹಾಕು’ ಎಂದು ಹೇಳುವುದು ಅವರ ಅಭ್ಯಾಸ. ಮನೆಯಲ್ಲಿ ಆ ಮೂಗಿಗೆ ಬೇರೆ ಕೆಲಸವಿತ್ತು. ಗಂಡ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಕೆಲಸ ಮುಗಿದ ಮೇಲೆ ಅದೇ ಓಣಿಯ ಬಾರಿನಲ್ಲಿ ಕೂತು ಬರುತ್ತಿದ್ದರು. ಲಾಂಡ್ರಿಯಮ್ಮ ಹೊಸ್ತಿಲ ಒಳಗೆ ನಿಂತು, “ಎಲ್ಲಿ, ಉಸಿರು ಬಿಡಿ” ಎನ್ನುತ್ತಿದ್ದರು. ಕಣ್ಣಿಗೆ ಮಣ್ಣೆರಚಬಹುದು, ಆ ಮೂಗಿಗೆ ಮಣ್ಣೆರಚುವುದು ಯಾರಿಂದಲೂ ಆಗಲಿಲ್ಲ. ಗಂಡ ಲವಂಗ ಅಗಿದು ಬರತೊಡಗಿದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ, ಲವಂಗದ ವಾಸನೆಯೇ ಸಾಕ್ಷಿಯಾಯಿತು. ಕೊನೆಗೆ ಕುಡಿತವೇ ಅವರನ್ನು ಕೊಂಡೊಯ್ದಿತು.

ಮಗ ದೊಡ್ಡವನಾಗಿ, ಪತ್ರಿಕೆ ಸೇರಿ, ಅದೇ ಬಾಗಿಲಿಗೆ ಹಾಗೆಯೇ ತಡವಾಗಿ ಬರತೊಡಗಿದಾಗ ಲಾಂಡ್ರಿಯಮ್ಮನೂ ಹೋಗಿ ಅದೇ ಜಾಗದಲ್ಲಿ ನಿಂತರು. ಇವನು ಲವಂಗದ ಬದಲು ಪೆಪ್ಪರ್‌ಮಿಂಟು ಚೀಪುತ್ತಿದ್ದ, ಅಷ್ಟೇ ವ್ಯತ್ಯಾಸ.

“ಇದು ನನ್ನ ಕೆಲಸ ಕಣಮ್ಮ.”

“ನಿಮ್ಮಪ್ಪ ಕೈಯಿಂದ ದುಡ್ಡು ಕೊಟ್ಟು ಕುಡೀತಿದ್ರು. ನಿನಗೆ ಸಂಬಳ ಕೊಟ್ಟು ಕುಡಿಸ್ತಾರೆ. ಮನೆತನ ಮುಂದಕ್ಕೆ ಬಂತು ಬಿಡು.”

ಅವನಿಗೆ ಮದುವೆಯಾಗಿರಲಿಲ್ಲ. ಕೇಳಿದವರಿಗೆ, “ಸಂಜೆ ಹೊತ್ತು ಖಾಲಿ ಇರೋರಿಗೆ ಮಾತ್ರ ಹೆಣ್ಣು ಕೊಡ್ತಾರಂತೆ” ಎಂದು ನಕ್ಕುಬಿಡುತ್ತಿದ್ದ. ಹಾಗೆ ನಕ್ಕು ನಕ್ಕು ನಲವತ್ತನಾಲ್ಕಾಯಿತು. ಒಂದು ಬೆಳಿಗ್ಗೆ ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರಿದ. ಲಾಂಡ್ರಿಯಮ್ಮ ಒಂದು ಕಾಲದಲ್ಲಿ ಮೂಸಿ ಕಳಿಸುತ್ತಿದ್ದಂಥ ಚಾದರದ ಮೇಲೆಯೇ ಮಲಗಿದ. ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. ಬಿಟ್ಟರೆ ಬದುಕುತ್ತೀಯ, ಮತ್ತೆ ಶುರು ಮಾಡಿದರೆ ಅಪ್ಪನ ದಾರಿಯೇ ಎಂದರು.

ಮನೆಗೆ ಬಂದ ವಾರದಲ್ಲಿ ಅವನು ಅಮ್ಮನ ಮುಂದೆ ತನ್ನ ಯೋಜನೆ ಇಟ್ಟ. ಪತ್ರಿಕೆಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ, ಬೇರೆ ವಿಭಾಗದಲ್ಲಿ ಜಾಗವಿಲ್ಲ. ಕುಡಿಯದವನು ಬರೆಯುವ ಬಾರಿನ ಅಂಕಣವನ್ನು ಯಾರು ಓದುತ್ತಾರೆ? ಆದ್ದರಿಂದ ಯಾರಿಗೂ ಹೇಳುವುದು ಬೇಡ. ಹೋಗುವುದು, ನೋಡುವುದು, ಒಂದೇ ಒಂದು ಗುಟುಕು ಬಾಯಿಗೆ ಹಾಕಿ ಉಗಿದುಬಿಡುವುದು.

“ಒಂದು ಗುಟುಕು ಅಂತಲೇ ನಿಮ್ಮಪ್ಪನೂ ಶುರು ಮಾಡಿದ್ದು,” ಎಂದರು ಲಾಂಡ್ರಿಯಮ್ಮ. ಸ್ವಲ್ಪ ಹೊತ್ತು ಟವೆಲ್ಲು ಮಡಿಸುತ್ತಿದ್ದು, “ನಾನೂ ಬರ್ತೀನಿ” ಎಂದರು.

“ಎಲ್ಲಿಗೆ?”

“ಬಾರಿಗೆ. ನಾನು ಮೂಸಿ ಹೇಳ್ತೀನಿ, ನೀನು ಬರ್ಕೋ.”

“ಬಾರಿಗೆ ಯಾರಾದ್ರೂ ಅಮ್ಮನ್ನ ಕರ್ಕೊಂಡು ಹೋಗ್ತಾರೇನಮ್ಮ?”

“ಸ್ಕೂಲಿಗೆ ಹೋಗಲ್ಲ ಅಂತ ಅತ್ತಾಗ ನಾನು ಒಂದು ವರ್ಷ ಬಾಗಿಲಾಚೆ ಕೂತಿರ್ಲಿಲ್ವಾ? ಇದೂ ಹಾಗೇ ಅಂದ್ಕೋ.”

ಅವರಿಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಮಗನಿಗೆ ಹೇಳಲಿಲ್ಲ. ಇಷ್ಟು ವರ್ಷ ಬಾಗಿಲಲ್ಲಿ ಕಾದವರಿಗೆ, ಗಂಡನೂ ಮಗನೂ ಕೂತಿರುತ್ತಿದ್ದ ಜಾಗದಲ್ಲಿ ಈ ಮನೆಯಲ್ಲಿ ಇಲ್ಲದ್ದು ಏನಿದೆ ಎಂದು ಒಮ್ಮೆ ನೋಡಬೇಕಿತ್ತು.

ಮೊದಲು ಹೋದದ್ದು ಹನ್ನೆರಡನೇ ಮಹಡಿಯ ಲಾಂಜಿಗೆ. ಗೋಡೆಯೆಲ್ಲ ಗಾಜು, ಕೆಳಗೆ ನಗರ ಬೆಂಕಿಪೊಟ್ಟಣಗಳ ಹಾಗೆ ಹರಡಿತ್ತು. ಮಗ ಒಂದು ಕಾಕ್‌ಟೇಲ್ ಮತ್ತು ಎರಡು ಲೋಟ ನೀರು ಹೇಳಿದ. ಲಾಂಡ್ರಿಯಮ್ಮ ಗ್ಲಾಸಿನ ಮೇಲೆ ಬಗ್ಗಿ ಕಣ್ಣು ಮುಚ್ಚಿದರು.

“ಕಿತ್ತಳೆ ಸಿಪ್ಪೆ. ಆಮೇಲೆ ಬಹಳ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆ. ಕೊನೇಲಿ ನಿನಗೆ ಚಿಕ್ಕಂದಿನಲ್ಲಿ ಕೊಡ್ತಿದ್ದ ಕೆಮ್ಮಿನ ಔಷಧಿ.”

ಮಗ ಬರೆದುಕೊಂಡ. ಬಿಲ್ ತಂದ ವೇಟರ್ ತುಂಬಿದ ಗ್ಲಾಸನ್ನೇ ನೋಡಿ, “ಇಷ್ಟ ಆಗ್ಲಿಲ್ವಾ ಮೇಡಂ?” ಎಂದ.

“ಚೆನ್ನಾಗಿದೆಯಪ್ಪ. ನಾವು ವಾಸನೆಗೆ ಅಂತ ತಗೊಂಡಿದ್ದು.”

ಆ ಮೂಗು ತಪ್ಪಲಾರದ್ದೇನೂ ಅಲ್ಲ. ನೆಲಮಾಳಿಗೆಯ ಒಂದು ಬಾರಿನಲ್ಲಿ ವಿಸ್ಕಿಯ ಪಾನೀಯವೊಂದನ್ನು ಮೂಸಿ ಮುಖ ಸಿಂಡರಿಸಿ, “ತಳ ಹತ್ತಿದೆ, ತಗೊಂಡು ಹೋಗು” ಎಂದು ವಾಪಸು ಕಳಿಸಿದರು. ಬಾರ್‌ಟೆಂಡರ್ ಇನ್ನೊಂದನ್ನು ಮಾಡಿ ತಂದ. ಅದೂ ತಳ ಹತ್ತಿತ್ತು. “ಒಳಗೆ ಯಾರೋ ಒಲೆ ಮೇಲಿಟ್ಟು ಮೈಮರೆತಿದ್ದಾರೆ ನೋಡು, ಪಾಪ ಬೈಬೇಡ,” ಎಂದು ಅವನಿಗೆ ಬುದ್ಧಿ ಹೇಳಿದರು. ಆ ವಿಸ್ಕಿಗೆ ಹೊಗೆಯ ವಾಸನೆ ಬರಲೆಂದೇ ಹಾಗೆ ತಯಾರಿಸುತ್ತಾರೆ, ಅದಕ್ಕೆ ದುಪ್ಪಟ್ಟು ಬೆಲೆ ಎಂದು ಮಗ ಪಿಸುಗುಟ್ಟಿದಾಗ, “ತಳ ಹತ್ತಿಸೋಕೆ ದುಡ್ಡು ತಗೋತಾರಾ?” ಎಂದು ಕೇಳಿ, ಬಸ್ಸಿನಲ್ಲಿ ಮನೆ ತಲುಪುವವರೆಗೂ ನಗುತ್ತಿದ್ದರು.

ಮಗ ಅದನ್ನೂ ಬರೆದ, ಅಮ್ಮನ ಹೆಸರು ಹೇಳದೆ. ನಿಧಾನಕ್ಕೆ ಅಂಕಣದೊಳಗೆ ಬೇರೆ ಸಂಗತಿಗಳು ಬಂದವು. ಯಾವ ಬಾರಿನ ಕುರ್ಚಿಯಲ್ಲಿ ಕಾಲು ನೆಲಕ್ಕೆ ತಾಗುತ್ತದೆ, ಯಾವುದರ ದೀಪದಲ್ಲಿ ಮೆನು ಓದಬಹುದು, ಹೆಂಗಸರ ಟಾಯ್ಲೆಟ್ಟಿನ ಚಿಲಕ ಸರಿಯಿದೆಯೇ, ಒಬ್ಬಳೇ ಬಂದವಳನ್ನು ಎಲ್ಲಿ ಕೂರಿಸುತ್ತಾರೆ. ಸಂಪಾದಕಿ ಅವನಿಗಿಂತ ಚಿಕ್ಕವಳು, ಮಾತು ಚುರುಕು.

“ಏನ್ರೀ, ಈಚೆಗೆ ನಿಮ್ಮ ಅಂಕಣದಲ್ಲಿ ಕುಡಿಯೋದು ಕಮ್ಮಿಯಾಗಿ ಕೂರೋದು ಜಾಸ್ತಿಯಾಗಿದೆ?”

“ನಿಲ್ಲಿಸ್ಲಾ?”

“ಬೇಡ. ಫೋನುಗಳು ಬರ್ತಿವೆ. ಹೀಗೇ ಕೂತಿರಿ.”

ಆ ದಿನಗಳಲ್ಲಿ ಲಾಂಡ್ರಿಯಮ್ಮನಿಗೆ ಬಹಳ ಹಿಡಿಸಿದ್ದು ಚಪ್ಪಲಿ ಅಂಗಡಿಯ ಮೇಲಿನ ಸಣ್ಣ ಬಾರು. ಅಲ್ಲಿ ಗ್ಲಾಸು ತುಂಬಿಸುತ್ತಿದ್ದ ಹುಡುಗಿ, “ಇವತ್ತು ದಿನ ಹೇಗಿತ್ತಮ್ಮ?” ಎಂದು ಕೇಳಿ, ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು, ಉತ್ತರಕ್ಕಾಗಿ ಕಾದಳು. ಲಾಂಡ್ರಿಯಮ್ಮ ಮೊಣಕಾಲಿನ ನೋವಿನಿಂದ ಶುರು ಮಾಡಿ ಪಕ್ಕದ ಮನೆಯ ನೀರಿನ ಪೈಪಿನವರೆಗೆ ಎಲ್ಲ ಹೇಳಿದರು. ಬಸ್ಸಿನಲ್ಲಿ, ಹೊಸ್ತಿಲಲ್ಲಿ ನಿಂತು ತಾವು ಯಾರಿಗೂ ಒಮ್ಮೆಯೂ ಕೇಳದ ಆ ಪ್ರಶ್ನೆಯನ್ನು ತಮ್ಮಷ್ಟಕ್ಕೇ ಗೊಣಗಿಕೊಂಡರು. ಮಗ ಏನಮ್ಮ ಎಂದು ಕೇಳಿದ್ದಕ್ಕೆ, “ಏನಿಲ್ಲ, ಹುಡುಗಿ ಒಳ್ಳೆಯವಳು” ಎಂದರು.

ವರ್ಷದ ವಿಶೇಷ ಸಂಚಿಕೆ ಬಂತು. ನಗರದ ಅತ್ಯುತ್ತಮ ಬಾರುಗಳ ಪಟ್ಟಿ ಆಗಬೇಕು. ಮಗ ಕೊಟ್ಟ ಪಟ್ಟಿ ನೋಡಿ ಸಂಪಾದಕಿ ಪೆನ್ನು ಕೆಳಗಿಟ್ಟಳು.

“ಅಚ್ಚುಕೂಟದ ಓಣಿಯ ಬಾರು ಎಲ್ಲಿ?”

“ಅದು ಹಳೇದಾಯ್ತು.”

“ನೀವೇ ಅದರ ಬಗ್ಗೆ ಹತ್ತು ಸಲ ಬರೆದಿದ್ದೀರಿ. ಅದಿಲ್ಲದ ಪಟ್ಟಿ ಹಾಕಿದ್ರೆ ಊರೇ ನಗುತ್ತೆ. ಹೋಗಿ ಬನ್ನಿ.”

ಅಪ್ಪ ಕೂರುತ್ತಿದ್ದ ಬಾರು ಅದು. ಮಗ ಮೊದಲ ಸಲ ಕುಡಿದದ್ದೂ ಅಲ್ಲೇ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಆ ಓಣಿಯಲ್ಲಿ ಕಾಲಿಟ್ಟಿರಲಿಲ್ಲ, ಕಚೇರಿಯಿಂದ ಬಸ್ ಸ್ಟಾಪಿಗೂ ಸುತ್ತಿ ಬಳಸಿ ಹೋಗುತ್ತಿದ್ದ. ಲಾಂಡ್ರಿಯಮ್ಮನಿಗೆ ಇದು ಗೊತ್ತಿತ್ತು. ಆ ಸಂಜೆ ಅವನು ಷರ್ಟನ್ನು ಎರಡು ಸಲ ಬದಲಾಯಿಸಿದ್ದನ್ನೂ ಅವರು ನೋಡಿದರು.

ಒಳಗೆ ಉದ್ದನೆಯ ಮರದ ಕಟ್ಟೆ, ಮೊಣಕೈ ತಾಗಿ ತಾಗಿ ನಡುವೆ ಸವೆದಿತ್ತು. ಅದರ ಹಿಂದೆ ನಿಂತವನ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಎಲ್ಲರಿಗೂ ಅವನು ಮೀಸೆಯಣ್ಣ. ಮೀಸೆ ಈಗ ಬೆಳ್ಳಗಾಗಿತ್ತು. ಅವನು ಮಗನನ್ನು ನೋಡಿದವನೇ ಏನೂ ಕೇಳದೆ ಗ್ಲಾಸು ತೆಗೆದು, ಶುಂಠಿ ಜಜ್ಜಿ, ನಿಂಬೆ ಹಿಂಡಿ, ಬ್ರಾಂದಿ ಸುರಿದು, ಐಸು ಹಾಕಿ ಮುಂದಿಟ್ಟ.

“ಎಷ್ಟು ದಿನ ಆಯ್ತಯ್ಯ ಮುಖ ತೋರ್ಸಿ. ತಗೋ, ಇದು ನನ್ನ ಲೆಕ್ಕದಲ್ಲಿ.” ಆಮೇಲೆ ಪಕ್ಕಕ್ಕೆ ನೋಡಿದ. “ಇವರು?”

“ನಮ್ಮಮ್ಮ.”

ಮೀಸೆಯಣ್ಣ ಕೈ ಒರೆಸಿಕೊಂಡ. “ಅಕ್ಕ, ನಿಮ್ಮ ಯಜಮಾನರು ಆ ಕಿಟಕಿ ಹತ್ರ ಕೂರ್ತಿದ್ರು.”

ಲಾಂಡ್ರಿಯಮ್ಮ ಕಿಟಕಿಯ ಕಡೆ ನೋಡಿದರು. ಒಂದು ಬಡಕಲು ಸ್ಟೂಲು, ಹೊರಗೆ ಸೈಕಲ್ ನಿಲ್ಲಿಸುವ ಜಾಗ. “ಏನು ಮಾತಾಡ್ತಿದ್ರಪ್ಪ?”

“ಮಾತು ಎಲ್ಲಿ ಬಂತು ಅಕ್ಕ. ಸುಮ್ನೆ ಕೂರೋರು. ಒಂದು ಗ್ಲಾಸು ಮುಗಿಸಿ, ಹೊರಡ್ತೀನಿ ಅಂತ ಎದ್ದು, ಅಗೋ ಆ ಬಾಗಿಲ ಹತ್ರ ಹೋಗಿ ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡ್ಕೊಳ್ಳೋರು. ‘ಇಲ್ಲಪ್ಪ, ಸಿಕ್ಕಿಬೀಳ್ತೀನಿ, ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಹೋಗ್ತೀನಿ’ ಅಂತ ವಾಪಸ್ ಬರೋರು. ವಾಪಸ್ ಬಂದ ಮೇಲೆ ಸುಮ್ನೆ ಹೇಗೆ ಕೂರೋದು? ಇನ್ನೊಂದು.” ಅವನು ನಗಿಸಲೆಂದು ಹೇಳಿದ್ದು, ಹೇಳಿಯಾದ ಮೇಲೆ ನಗು ಬರಲಿಲ್ಲ.

ಲಾಂಡ್ರಿಯಮ್ಮ ಆ ಮಾತನ್ನು ಚಾದರದ ಹಾಗೆ ಕೈಯಲ್ಲಿ ಹಿಡಿದು ನೋಡಿದರು. ಅರ್ಧ ಕುಡುಕನ ನೆಪ, ಅದು ಅವರಿಗೆ ಗೊತ್ತು. ಇನ್ನರ್ಧ ತಮ್ಮ ಮೂಗಿನ ಭಯ, ಅದು ಇನ್ನೂ ಹಸಿಯಾಗಿತ್ತು.

ಅಷ್ಟು ಹೊತ್ತಿಗೆ ಅವರ ಕಣ್ಣು ಮಗನ ಕೈ ಮೇಲೆ ಬಿತ್ತು. ಅದು ಗ್ಲಾಸನ್ನು ಸುತ್ತಿ ಹಿಡಿದಿತ್ತು. ಹೆಬ್ಬೆರಳು ಗಾಜಿನ ಮೇಲಿನ ತೇವವನ್ನು ಒರೆಸುತ್ತಿತ್ತು, ತೇವ ಮತ್ತೆ ಮೂಡುತ್ತಿತ್ತು. ಅವನು ಯಾರನ್ನೂ ನೋಡುತ್ತಿರಲಿಲ್ಲ. ಮಾತು ಲಾಂಡ್ರಿಯಮ್ಮನ ಗಂಟಲಿಗೆ ಬಂತು. ಬೇಡ ಕಣೋ. ಆದರೆ ಆ ಮಾತನ್ನು ಅವರು ಬಾಗಿಲಲ್ಲಿ ನಿಂತು ಒಂದು ಜನ್ಮಕ್ಕಾಗುವಷ್ಟು ಆಡಿದ್ದರು. ಅದಕ್ಕೆ ಹೆದರಿಯೇ ಗಂಡ ವಾಪಸು ಹೋಗಿ ಆ ಕಿಟಕಿಯ ಹತ್ತಿರ ಕೂತಿದ್ದರು.

“ಮರೆತೇಬಿಟ್ಟೆ ನೋಡು,” ಎಂದರು. “ಇದನ್ನ ನಾನಿನ್ನೂ ಮೂಸಿಲ್ಲ. ಇತ್ತ ಕೊಡು.”

ಮಗನ ಕೈ ಸ್ವಲ್ಪ ತಡೆಯಿತು. ಆಮೇಲೆ ಗ್ಲಾಸು ಕಟ್ಟೆಯ ಮೇಲೆ ಜಾರಿ ಬಂತು. ಲಾಂಡ್ರಿಯಮ್ಮ ಬಗ್ಗಿದರು. ಶುಂಠಿ, ನಿಂಬೆ. ಅದರಡಿಯಲ್ಲಿ ಗಂಡನ ಷರ್ಟಿನ ಕಾಲರು. ಎಷ್ಟು ತಿಕ್ಕಿದರೂ ಹೋಗದ ಆ ವಾಸನೆಯನ್ನು ಅವರು ಈಚೆಗೆ ಹುಡುಕಿದ್ದರು. ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟಿದ್ದರಿಂದ ಮನೆಯಲ್ಲಿ ಎಲ್ಲೂ ಸಿಕ್ಕಿರಲಿಲ್ಲ.

ಅವರು ಗ್ಲಾಸನ್ನು ಎರಡೂ ಕೈಯಿಂದ ಎತ್ತಿ, ಔಷಧಿ ಕುಡಿಯುವವರ ಹಾಗೆ ಕಣ್ಣು ಮುಚ್ಚಿ, ಪೂರ್ತಿ ಕುಡಿದರು.

“ಅಮ್ಮಾ,” ಎಂದ ಮಗ.

ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡರು. “ಪಟ್ಟಿಗೆ ಹಾಕೋ ಮುಂಚೆ ಯಾರಾದ್ರೂ ಒಬ್ಬರು ಕುಡಿದು ನೋಡ್ಬೇಕಲ್ವಾ? ಇಷ್ಟು ದಿನ ವಾಸನೆಯಲ್ಲೇ ಜನಕ್ಕೆ ಟೋಪಿ ಹಾಕಿದ್ದಾಯ್ತು.” ಮತ್ತೆ ಕೆಮ್ಮಿದರು. “ಗಂಟಲೆಲ್ಲ ಉರಿ. ಇದಕ್ಕೋಸ್ಕರನಾ?”

ಮೀಸೆಯಣ್ಣ ತಾಯಿಯನ್ನು ನೋಡಿದ, ಮಗನನ್ನು ನೋಡಿದ. ಆ ಕಟ್ಟೆಯ ಹಿಂದೆ ಕೂದಲು ಹಣ್ಣಾದವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್ನೊಂದು ಗ್ಲಾಸು ತೆಗೆದು ಶುಂಠಿ ಜಜ್ಜಿದ, ನಿಂಬೆ ಹಿಂಡಿದ, ಐಸು ಹಾಕಿ ಸೋಡಾ ತುಂಬಿಸಿದ. ಬ್ರಾಂದಿಯ ಬಾಟಲಿಯನ್ನು ಹಿಂದಿನ ಕಪಾಟಿಗೆ ಸರಿಸಿದ.

“ಇದೂ ನನ್ನ ಲೆಕ್ಕದಲ್ಲೇ,” ಎಂದ. “ಕಳ್ಳ, ಮೊದಲೇ ಹೇಳ್ಬಾರ್ದಾಗಿತ್ತಾ?”

ಮಗ ಅದನ್ನು ನಿಧಾನವಾಗಿ ಕುಡಿದ. ಲಾಂಡ್ರಿಯಮ್ಮ ಎದ್ದು ಹೋಗಿ ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ, ಬೆನ್ನಿಗೆ ಆಸರೆಯಿಲ್ಲದಿದ್ದರೂ, ಅವನು ಮುಗಿಸುವವರೆಗೂ ಕೂತರು.

ಹೊರಗೆ ಬೀದಿದೀಪಗಳು ಆಗಷ್ಟೇ ಹತ್ತಿಕೊಂಡಿದ್ದವು. ಬಸ್ ಸ್ಟಾಪಿನ ಬೆಂಚಿನಲ್ಲಿ ಲಾಂಡ್ರಿಯಮ್ಮ ತಮ್ಮ ಪಾದಗಳನ್ನೇ ನೋಡುತ್ತ, “ಇವು ಯಾರ ಕಾಲೋ? ನನ್ನವು ಇಷ್ಟು ಹಗುರ ಇರ್ಲಿಲ್ಲ” ಎಂದರು. ಮೊಣಕಾಲು ನೋಯುತ್ತಿಲ್ಲವೆಂದೂ, ಆ ಮಟ್ಟಿಗೆ ಬ್ರಾಂದಿಯವರಿಗೆ ನ್ಯಾಯ ಹೇಳಬೇಕೆಂದೂ ಅಪರಿಚಿತರೊಬ್ಬರಿಗೆ ತಿಳಿಸಿದರು. ಮಗ ಅವರ ತೋಳು ಹಿಡಿದು ಬಸ್ಸು ಹತ್ತಿಸಿದ. ಇಳಿದು ಮನೆಯ ಕಡೆ ನಡೆಯುವಾಗ ಅವನು ನೆಲ ನೋಡುತ್ತ ಹೇಳಿದ:

“ನೀನು ಕೇಳದೆ ಇದ್ದಿದ್ರೆ ಕುಡೀತಿದ್ದೆ ಕಣಮ್ಮ.”

“ಗೊತ್ತು.”

“ನಾಳೆ ಸಂಪಾದಕಿಗೂ ಹೇಳಿಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ.”

“ಹೇಳು. ಅಂಕಣದಲ್ಲಿ ಟಾಯ್ಲೆಟ್ಟಿನ ಚಿಲಕದ ವಿಷಯ ಮಾತ್ರ ಬಿಡಬೇಡಿ ಅನ್ನು.”

ಬಾಗಿಲ ಹತ್ತಿರ ಬೀಗದ ಕೈಗೆ ತೂತು ಸಿಗದೆ ಲಾಂಡ್ರಿಯಮ್ಮ ತಡಕಾಡಿದರು. ಮಗ ತೆಗೆದುಕೊಂಡು ಬೀಗ ತೆಗೆದ. ಅವರು ಮೊದಲು ಒಳಗೆ ಹೋಗಿ, ಅಭ್ಯಾಸಬಲದಿಂದ ಹೊಸ್ತಿಲ ಒಳಗೆ ಆ ಜಾಗದಲ್ಲೇ ತಿರುಗಿ ನಿಂತರು. ಮಗನೂ ಅಭ್ಯಾಸಬಲದಿಂದ ಹೊರಗೆ ನಿಂತ. ಹಾಗೆ ನಿಂತವನಿಗೆ ನಗು ಬಂತು.

“ಎಲ್ಲಿ, ಉಸಿರು ಬಿಡು,” ಎಂದ ಅಮ್ಮನಿಗೆ.

ಲಾಂಡ್ರಿಯಮ್ಮ ಬಾಯಿ ತೆರೆದು ಹಾ ಎಂದರು. ಮಗ ಬಗ್ಗಿ ಮೂಸಿದ. “ಶುಂಠಿ. ಬ್ರಾಂದಿ. ಸಿಕ್ಕಿಬಿದ್ದೆ.”

“ನಿಂದು?”

ಅವನು ಉಸಿರು ಬಿಟ್ಟ. ಲಾಂಡ್ರಿಯಮ್ಮ ಮೂಸಿದರು, ಇನ್ನೊಮ್ಮೆ ಮೂಸಿದರು. ಶುಂಠಿ ಇತ್ತು. ಬ್ರಾಂದಿಯೂ ಇತ್ತು, ಆದರೆ ಅದು ತಮ್ಮದೋ ಅವನದೋ ತಿಳಿಯಲಿಲ್ಲ. ತಾವು ಎದ್ದು ಹೋಗಿ ಕಿಟಕಿಯ ಹತ್ತಿರ ಕೂತಿದ್ದಾಗ ಬೆನ್ನು ಕಟ್ಟೆಯ ಕಡೆಗಿತ್ತು ಎಂಬುದೂ ನೆನಪಾಯಿತು.

“ಈ ಮೂಗು ಇವತ್ತು ಕೆಲಸಕ್ಕೆ ಬರಲ್ಲ ಕಣೋ,” ಎಂದರು. “ನೀನೇ ಹೇಳು.”

“ಕುಡಿದಿಲ್ಲಮ್ಮ.”

ಲಾಂಡ್ರಿಯಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದರು. “ಹಾಗಾದ್ರೆ ಒಳಗೆ ಬಾ.”