ಎರೆಹೊಲದಲ್ಲಿ ನಾನು ಹೂತ ಪೈಪು

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಏಳನೇ ತರಗತಿಯ ಅರ್ಧಕ್ಕೆ, ನಾನು ಓದು ಬಿಟ್ಟೆ. ಅಲ್ಲಿಂದ ಇಲ್ಲಿಯತನಕ ಮಣ್ಣು ಅಗೆದು, ಪೈಪು ಹೂತು ಬದುಕಿದವನು. ಏಳು ವರ್ಷಗಳ ಹಿಂದೆ ನಾನು ಕೆಡಿಸಿದ ಕೆಲಸವೊಂದರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದೆ. ಸಿದ್ರಾಮಣ್ಣ ಎಂಬ ರೈತರ ತಲೆಗೆ. ಅವರು ಪೈಪಿನ ಬಾಯಿಗೆ ಚೀಲ ತುರುಕಲಿಲ್ಲ. ತುರುಕಿದವನು ನಾನು.

ಬದುಕಿನಲ್ಲಿ ಒಂದೇ ಒಂದು ಸಲ ಹೀಗೆ ಮಾಡಿದೆ ಎಂದು ಬರೆಯಹೊರಟಿದ್ದೆ. ಹಾಗೆ ಬರೆಯುವುದರಲ್ಲೂ ಜಂಬ ಇಣುಕುತ್ತಿತ್ತು — ಹೊಡೆದುಹಾಕಿದೆ.

ಅಜ್ಜಂಪುರದಿಂದ ಸ್ವಲ್ಪ ಆಚೆ, ಕಪ್ಪು ಮಣ್ಣಿನ ಎರೆಹೊಲಗಳ ನಡುವೆ, ಸೇನೆಯಿಂದ ನಿವೃತ್ತರಾದ ಸುಬೇದಾರ್ ನಂಜುಂಡಪ್ಪನವರ ಮನೆ. ಮಗಳು ಚೈತ್ರಾ ರೈಫಲ್ ಸ್ಪರ್ಧೆಗಳಿಗೆ ಹೋಗುತ್ತಿದ್ದವಳು. ಅವಳಿಗೆಂದು ಮನೆಯ ಹಿಂದೆ ಗುಂಡು ಹೊಡೆಯುವ ರೇಂಜ್ ಮಾಡಿಸಿದ್ದರು — ಪರವಾನಗಿ, ಕಾಗದಪತ್ರ ಎಲ್ಲ ಕ್ರಮವಾಗಿಯೇ. ಒಂದು ಕೊನೆಯಲ್ಲಿ ಶೀಟಿನ ಚಾವಣಿ. ಐವತ್ತು ಮೀಟರ್ ಆಚೆ ಗುರಿಹಲಗೆಗಳು. ಅವುಗಳ ಹಿಂದೆ ಗುಂಡು ತಡೆಯಲು ಎರಡಾಳೆತ್ತರದ ಮಣ್ಣಿನ ದಿಬ್ಬ. ದಿಬ್ಬ ಹಾಕಿದವರು ನೀರಿನ ವಿಚಾರ ಯೋಚಿಸಿರಲಿಲ್ಲ. ಇಳಿಜಾರಿಗೆ ಅಡ್ಡವಾಗಿ ಅದು ಕೆರೆ ಏರಿಯ ಹಾಗೆ ಕೂತುಬಿಟ್ಟಿತ್ತು. ಒಂದು ಮಳೆ ಬಿದ್ದರೆ ಗುರಿಹಲಗೆಗಳ ಬುಡದಲ್ಲಿ ಮೊಣಕಾಲುದ್ದ ನೀರು. ವಾರಗಟ್ಟಲೆ ಹುಡುಗಿಯ ಅಭ್ಯಾಸ ನಿಲ್ಲುತ್ತಿತ್ತು.

ಆ ನೀರು ಹೊರಗೆ ಹೋಗಬೇಕು. ಆ ವರ್ಷ ಮಳೆಗಾಲ ಮುಗಿಯುತ್ತಲೇ ಚೈತ್ರಾಳಿಗೆ ರಾಜ್ಯ ತಂಡದ ಆಯ್ಕೆ ಇತ್ತು. ಇಬ್ಬರು ಇಂಜಿನಿಯರುಗಳು ಬಂದು ನೋಡಿ, ಕಾಗದದ ಮೇಲೆ ಗೆರೆ ಎಳೆದು ಹೋಗಿದ್ದರು. ಸುಬೇದಾರರು ಆ ಕಾಗದವನ್ನು ನನ್ನ ಕೈಗೆ ಕೊಡಲೇ ಇಲ್ಲ. "ರುದ್ರೇಶ, ನೀನು ಓದಿದೋನಲ್ಲ. ಅದಕ್ಕೇ ನಿನ್ನ ನಂಬ್ತೀನಿ" ಎಂದರು. ಆ ಮಾತು ನನ್ನ ತಲೆಗೆ ಎಷ್ಟು ಏರಿತೆಂದರೆ — ಇರಲಿ.

ರೇಂಜಿನ ಪಕ್ಕದ ಕೆಳಗಿನ ಹೊಲ ಸಿದ್ರಾಮಣ್ಣನವರದು, ಈರುಳ್ಳಿ ಬೆಳೆಯುವವರು. ಅವರೂ ಸುಬೇದಾರರೂ ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಹೋದವರು. ಚೈತ್ರಾ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದಳು. ಬಂದೂಕಿನ ಸದ್ದು ನಿಂತ ಮೇಲೆ ಬೇಲಿಯ ಆಚೆಯಿಂದ ಅವರು "ಎಷ್ಟ್ ಬಿತ್ತವ್ವಾ ಇವತ್ತು?" ಎಂದು ಕೂಗಿ ಕೇಳದ ದಿನವಿರಲಿಲ್ಲ.

ನನಗೆ ಆ ಮನುಷ್ಯನ ಮೇಲೆ ಮೊದಲ ದಿನದಿಂದಲೂ ಅನುಮಾನ. ದಿಬ್ಬದೊಳಗೆ ಸೀಸದ ಗುಂಡುಗಳಿವೆ, ಆ ನೀರು ತಮ್ಮ ಬಾವಿಗೆ ಬರಬಾರದು ಎಂದು ಅವರು ಮೊದಲೇ ತಕರಾರು ತೆಗೆದಿದ್ದರು. ಸುಬೇದಾರರು ಒಪ್ಪಿ, ಮಧ್ಯೆ ಒಂದು ತೊಟ್ಟಿ ಕಟ್ಟಿಸಿ, ಅಲ್ಲಿ ಕೆಸರು ಇಳಿದ ಮೇಲೆ ಪೈಪು ಬೇಲಿಯ ಪಕ್ಕದಲ್ಲೇ ಹಾದು ರಸ್ತೆಯ ಚರಂಡಿಗೆ ಬೀಳಬೇಕೆಂದು ತೀರ್ಮಾನ ಮಾಡಿದ್ದರು. ನ್ಯಾಯವಾದ ಮಾತೇ. ನನಗೆ ಮಾತ್ರ ಅದು ಕಿತಾಪತಿಯಂತೆ ಕಂಡಿತು. ಯಾರು ಎದುರು ಮಾತಾಡಿದರೂ, ಇವನು ನನ್ನ ಓದನ್ನು ಅಳೆಯುತ್ತಿದ್ದಾನೆ ಎಂದು ನನಗೆ ಅನಿಸುತ್ತದೆ. ಈಗಲೂ.

ಬೇಸಿಗೆಯಲ್ಲಿ ಕಾಲುವೆ ಅಗೆದೆವು. ಎರೆಭೂಮಿ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. ಸಿದ್ರಾಮಣ್ಣ ಬೇಲಿಯ ಹತ್ತಿರ ಬಂದು ಬಹಳ ಹೊತ್ತು ನೋಡಿದರು.

"ಏನಪ್ಪಾ ಕಂಟ್ರಾಕ್ಟ್ರೇ, ಬರೀ ಮಣ್ಣಿನ್ ಮೇಲೇ ಪೈಪ್ ಮಲಗಿಸ್ತೀಯಾ?"

"ಇನ್ನೇನು, ಹಾಸಿಗೆ ಹಾಸ್ಬೇಕಾ?" ಎಂದೆ. ಆಳುಗಳು ನಕ್ಕರು.

"ಹಾಸ್ಬೇಕು ಕಣಪ್ಪ. ಇದು ಎರೆ. ಈಗ ಒಣಗಿ ಸತ್ತಂಗೆ ಬಿದ್ದೈತೆ, ನೀರ್ ಕುಡಿದ್ರೆ ಉಬ್ಬುತ್ತೆ. ಇನ್ನೊಂದ್ ಮೊಳ ಅಗ್ದು ಉಬ್ಬದಿರೋ ಗರಸು ಮಣ್ಣು ತುಂಬು, ಅದ್ರ ಮೇಲೆ ಪೈಪ್ ಕೂರ್ಸು. ನಿಮ್ ತರೀಕೆರೆ ಕಡೆ ಕೆಂಪು ಮಣ್ಣಲ್ಲಿ ಇದೆಲ್ಲ ನಡೀತದೆ. ಇಲ್ಲಿ ನಡಿಯಲ್ಲ."

ನಾನು ತರೀಕೆರೆ ಪಕ್ಕದ ಅಮೃತಾಪುರದ ಕಡೆಯವನು. ಇಪ್ಪತ್ತೈದು ವರ್ಷ ಕೆಂಪು ಮಣ್ಣಿನಲ್ಲೇ ಪೈಪು ಹೂತವನು; ಎರೆಯಲ್ಲಿ ಅದೇ ಮೊದಲ ಕೆಲಸ. ಅವರು ಹೇಳಿದ್ದು ನಿಜವಿರಬಹುದು ಎಂದು ಒಂದು ಕ್ಷಣ ಅನಿಸಿತು — ಅನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಳುಗಳ ಎದುರಿಗೆ ಹೇಳಿದ್ದರಲ್ಲ. ಕೆಲಸ ತಡವಾಗಲಿ, ಮಳೆ ಹಿಡಿಯಲಿ ಎಂದೇ ಹೇಳುತ್ತಿದ್ದಾರೆ ಎಂದುಕೊಂಡೆ. "ನಿಮ್ಮ ಈರುಳ್ಳಿ ನೀವು ನೋಡ್ಕಳಿ ಯಜಮಾನ್ರೇ" ಎಂದು ಹೇಳಿ ಮಣ್ಣು ಮುಚ್ಚಿಸಿಬಿಟ್ಟೆ.

ಮಳೆ ಬಂತು. ಮೊದಲ ಎರಡು ಮಳೆಗೆ ನೀರು ಚೆನ್ನಾಗಿಯೇ ಹರಿಯಿತು. ಸುಬೇದಾರರು ನನ್ನ ಬೆನ್ನು ತಟ್ಟಿದರು. ಮೂರನೆಯದು ಎರಡು ದಿನ ಹಿಡಿದು ಸುರಿಯಿತು. ರೇಂಜಿನಲ್ಲಿ ಮತ್ತೆ ಮೊಣಕಾಲುದ್ದ ನೀರು. ಸುಬೇದಾರರು ಮಗಳನ್ನು ಕರೆದುಕೊಂಡು ಬೇರೆ ಊರಿನ ಯಾವುದೋ ಸ್ಪರ್ಧೆಗೆ ಹೋಗಿದ್ದರು. ಅಲ್ಲಿಂದಲೇ ಫೋನ್ ಮಾಡಿ, "ಬೆಳಗ್ಗೆ ಹತ್ತಕ್ಕೆ ಕಡೂರಲ್ಲಿ ರೈಲಿಳಿದು ಬರ್ತೀವಿ. ಅಷ್ಟರೊಳಗೆ ಏನಾಗಿದೆ ನೋಡಿಡು" ಎಂದರು.

ಬೆಳಗ್ಗೆ ಆರಕ್ಕೇ ಟ್ರಾಕ್ಟರಿನಲ್ಲಿ ಒಬ್ಬನೇ ಹೋದೆ. ಸಿದ್ರಾಮಣ್ಣನೇ ಏನೋ ಮಾಡಿರಬೇಕು ಎಂದು ದಾರಿಯುದ್ದಕ್ಕೂ ನಂಬಿಕೊಂಡೇ ಹೋದೆ. ಪೈಪಿನ ಹೊರಬಾಯಿ ಬೇಲಿಯ ಬುಡದಲ್ಲಿ, ಚರಂಡಿಯ ಅಂಚಿಗಿತ್ತು. ಕೂತು ನೋಡಿದೆ — ಏನೂ ಇರಲಿಲ್ಲ. ಒಳಗೆ ಕೈ ಹಾಕಿದೆ. ಖಾಲಿ. ನೀರೇ ಅಲ್ಲಿಯವರೆಗೆ ಬಂದಿರಲಿಲ್ಲ.

ಆಮೇಲೆ ನಡುವೆ ಒಂದು ಕಡೆ ಅಗೆದೆ. ಪೈಪು ಕಂಡಿತು. ನೀರು ತುಂಬಿದ ಟ್ಯೂಬ್ ಹಿಡಿದು ಮಟ್ಟ ನೋಡಿದೆ. ನಡುಭಾಗ ನಾಲ್ಕು ಬೆರಳು ಮೇಲೆದ್ದಿತ್ತು. ಎರೆ ನೀರು ಕುಡಿದು ಉಬ್ಬಿ ಪೈಪನ್ನು ಎತ್ತಿ ಹಿಡಿದಿತ್ತು. ಆ ಉಬ್ಬು ಹತ್ತಲಾರದೆ ನೀರು ಹಿಂದಕ್ಕೆ ತಿರುಗಿತ್ತು.

ಅವರು ಹೇಳಿದ್ದೇ ಆಗಿತ್ತು.

ಇನ್ನು ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ — ಬರೆಯುತ್ತೇನೆ. ಗುಂಡಿ ಮುಚ್ಚಿದೆ. ಮೇಲೆ ಹುಲ್ಲು ಎಳೆದೆ. ಟ್ರಾಕ್ಟರಿನ ಸೀಟಿನ ಕೆಳಗೆ ಬಿದ್ದಿದ್ದ ಖಾಲಿ ಸಿಮೆಂಟ್ ಚೀಲ ತಂದು, ಮಡಚಿ, ಪೈಪಿನ ಬಾಯಿಗೆ ತುರುಕಿದೆ. ಮೇಲಿಂದ ಒಂದಿಷ್ಟು ಕೆಸರು ಬಳಿದೆ. ಅಷ್ಟೂ ಕೆಲಸಕ್ಕೆ ಹತ್ತು ನಿಮಿಷ ಹಿಡಿದಿರಬಹುದು. ದಿನದ ಕೆಲಸದಷ್ಟೇ ಸಲೀಸಾಗಿ ಮಾಡಿ ಮುಗಿಸಿದೆ. ಅದೇ ನನಗೆ ಈಗಲೂ ಭಯ.

ಸುಬೇದಾರರು ಬಂದರು; ಚೈತ್ರಾ ಹಿಂದೆಯೇ ಇದ್ದಳು. ಅವರ ಎದುರಿಗೇ ಚೀಲ ಎಳೆದು ತೆಗೆದು ನೆಲದ ಮೇಲೆ ಹಾಕಿದೆ. ನೀರು ಬರಲಿಲ್ಲ; ಚೀಲ ತಡೆದು ಒಳಗೆಲ್ಲ ಕೆಸರು ಕಟ್ಟಿದೆ, ಪೈಪು ಕಿತ್ತು ತೊಳೆಯಬೇಕು ಎಂದೆ. ಆಮೇಲೆ ಹೇಳಿದೆ —

"ಯಾರು ಅಂತ ನಾನು ಹೇಳಲ್ಲ ಸಾರ್. ಪೈಪಿನ ಬಾಯಿ ಯಾರ ಬೇಲಿ ಬುಡದಲ್ಲಿ ಐತೆ, ನೀವೇ ನೋಡಿ."

ಹೆಸರು ಹೇಳಲಿಲ್ಲ. ಹೆಸರು ಹೇಳಲಿಲ್ಲವಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಚೈತ್ರಾ ಕುಕ್ಕರುಗಾಲಲ್ಲಿ ಕೂತು ಆ ಚೀಲವನ್ನು ಬಿಡಿಸಿ ನೋಡಿದಳು. ಬೆರಳುಗಳನ್ನು ಉಜ್ಜಿಕೊಂಡಳು. ಒಮ್ಮೆ ನನ್ನ ಮುಖ ನೋಡಿದಳು.

ಮರುದಿನ, ಸುಬೇದಾರರ ದೂರಿನ ಮೇಲೆ, ಪೊಲೀಸ್ ಠಾಣೆ. ಊರಿನ ಹತ್ತು ಜನ ಸೇರಿದ್ದರು. ಕೇಸು ಬೇಡ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಲಿ ಎಂದು ಎಲ್ಲರೂ ಹೇಳಿದರು. ಸಿದ್ರಾಮಣ್ಣ ಯಾರ ಕಡೆಯೂ ನೋಡದೆ ಸುಬೇದಾರರಿಗೆ ಮಾತ್ರ ಹೇಳಿದರು: "ನಾನ್ ಮಾಡಿಲ್ಲ ಕಣೋ ನಂಜುಂಡ." ಸುಬೇದಾರರು ಗೋಡೆಯ ಕಡೆ ತಿರುಗಿಕೊಂಡರು. ಮಾಡದ ತಪ್ಪಿಗೆ ಆ ಮನುಷ್ಯ ಸಹಿ ಹಾಕಿದರು. ಸಾಕ್ಷಿಗಳಲ್ಲಿ ಮೊದಲ ಸಹಿ ನನ್ನದು.

ಆ ವಾರವೇ, ಪೈಪು ಸ್ವಚ್ಛ ಮಾಡುವ ನೆಪದಲ್ಲಿ ಪೂರ್ತಿ ಕಿತ್ತೆ. ಇನ್ನೊಂದು ಮೊಳ ಅಗೆದು, ಎರಡು ಲೋಡ್ ಗರಸು ತರಿಸಿ ತುಂಬಿ, ಅದರ ಮೇಲೆ ಕೂರಿಸಿದೆ — ಅವರು ಹೇಳಿದ ಹಾಗೆಯೇ, ಒಂದಿಷ್ಟೂ ಬಿಡದೆ. ಆಮೇಲೆ ಎಷ್ಟು ಮಳೆ ಬಂದರೂ ಅಲ್ಲಿ ನೀರು ನಿಲ್ಲಲಿಲ್ಲ. ಚೀಲ ತೆಗೆದದ್ದಕ್ಕೇ ಹರಿಯುತ್ತಿದೆ ಎಂದು ಊರು ಅಂದುಕೊಂಡಿತು. ನನ್ನ ಕೆಲಸ ಗಟ್ಟಿಯಾದಷ್ಟೂ ಅವರ ಮೇಲಿನ ಅಪವಾದವೂ ಗಟ್ಟಿಯಾಯಿತು. ಗರಸಿನ ಲೋಡ್ ಇಳಿಯುವಾಗ ಸಿದ್ರಾಮಣ್ಣ ಬೇಲಿಯ ಆಚೆ ನಿಂತಿದ್ದರು. ಪೂರ್ತಿ ಇಳಿಯುವವರೆಗೂ ನೋಡಿ ಹೊಲದ ಕಡೆ ತಿರುಗಿದರು. ಬೇಲಿಯ ಮೇಲಿನಿಂದ "ಎಷ್ಟ್ ಬಿತ್ತವ್ವಾ?" ಎನ್ನುವ ಕೂಗು ಆ ದಿನದಿಂದ ನಿಂತಿತು.

ಚೈತ್ರಾ ಆಯ್ಕೆಯಾದಳು. ನಾನು ಬೆಳೆದೆ. ಬೆಳೆದಂತೆ ಅನುಮಾನವೂ ಬೆಳೆಯಿತು. ಸಿದ್ರಾಮಣ್ಣನವರಿಗೆ ಗೊತ್ತಿದೆಯೇ? ಅವತ್ತು ನನ್ನ ಮುಖ ನೋಡಿದ ಚೈತ್ರಾ ಅಪ್ಪನಿಗೆ ಏನಾದರೂ ಹೇಳಿದ್ದಾಳೆಯೇ? ಯಾರಾದರೂ ನನ್ನ ಕೆಲಸ ಹೊಗಳಿದರೆ, ಗೊತ್ತಿದ್ದೇ ಚುಚ್ಚುತ್ತಿದ್ದಾರೆಯೇ? ಆಳುಗಳು ಗುಂಪಾಗಿ ನಕ್ಕರೆ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಹೋದ ವರ್ಷ ತರೀಕೆರೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಚೈತ್ರಾ ಸಿಕ್ಕಿದಳು. ಈಗ ಬೇರೆ ಊರಿನಲ್ಲಿ ಮಕ್ಕಳಿಗೆ ರೈಫಲ್ ಕಲಿಸುತ್ತಾಳೆ. ಕಾಫಿ ಕುಡಿಯುತ್ತಾ ಇದ್ದಕ್ಕಿದ್ದಂತೆ ಕೇಳಿದಳು.

"ಅಂಕಲ್, ಸಿಮೆಂಟ್ ನೀರು ಮುಟ್ಟಿದ್ರೆ ಏನಾಗುತ್ತೆ?"

"ಕಲ್ಲಾಗುತ್ತೆ ಕಣಮ್ಮ."

"ಆ ಚೀಲದ ಮಡಿಕೆ ಒಳಗೆ ಪುಡಿ ಹಾಗೇ ಇತ್ತು. ಹಿಟ್ಟಿನ ಥರ. ಎರಡು ದಿನ ಮಳೇಲಿದ್ದ ಚೀಲ." ಅವಳ ದನಿ ಏರಲಿಲ್ಲ. "ಅವತ್ತೇ ಅಪ್ಪಂಗೆ ಹೇಳ್ದೆ. ಅಪ್ಪ ಬೈದ್ರು. 'ಬೆವರು ಸುರಿಸಿ ಮೇಲೆ ಬಂದೋನು ಅವನು. ಅಂಥೋರ ಮೇಲೆ ಅನುಮಾನ ಪಟ್ರೆ ನಾಲಿಗೆ ಬಿದ್ದೋಗುತ್ತೆ' ಅಂದ್ರು."

ಜಗತ್ತೆಲ್ಲ ನನ್ನನ್ನು ಕೀಳಾಗಿ ನೋಡುತ್ತದೆಂದು ನಂಬಿ ಬದುಕಿದವನು ನಾನು. ಸುಬೇದಾರರು ನನ್ನನ್ನು ಅಷ್ಟೊಂದು ನಂಬಿದ್ದರು — ಜೊತೆಗೆ ಓದಿದ ಗೆಳೆಯನನ್ನು ಬಿಟ್ಟು, ಹೆತ್ತ ಮಗಳ ಮಾತನ್ನೂ ಬಿಟ್ಟು.

ಆ ವಾರವೇ ಸುಬೇದಾರರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. "ಮಾಡಿಲ್ಲ ಕಣೋ ಅಂದಾಗ ಅವನ ಮುಖ ನಾನು ನೋಡ್ಲಿಲ್ಲ ರುದ್ರೇಶ" ಎಂದರು. ಆಮೇಲೆ, "ನೀನು ಎದ್ದು ಹೋಗು" ಎಂದರು.

ಅಲ್ಲಿಂದ ಸಿದ್ರಾಮಣ್ಣನವರ ಹೊಲಕ್ಕೆ ಹೋದೆ. ಕೂತು ಈರುಳ್ಳಿಯ ತಲೆ ಕತ್ತರಿಸುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಕತ್ತರಿಸುತ್ತಲೇ ಇದ್ದರು.

"ಗರಸಿನ ಲೋಡ್ ಬಂದಾಗ್ಲೇ ನಂಗೆ ಗೊತ್ತಾಯ್ತು ಕಣಪ್ಪ."

"ಯಾಕೆ ಹೇಳ್ಲಿಲ್ಲ ಯಜಮಾನ್ರೇ?"

"ಯಾರಿಗ್ ಹೇಳ್ಲಿ? ಸಹಿ ಹಾಕಿ ಬಂದಿದ್ನಲ್ಲ." ಕುಡುಗೋಲು ಕೆಳಗಿಟ್ಟರು. "ಹತ್ ಜನದ್ ಮುಂದೆ ಕೆಟ್ಟೋನು ಅನ್ನಿಸ್ಕಂಡೆ. ನೀನೀಗ ಒಬ್ನೇ ಬಂದು ಈರುಳ್ಳಿ ರಾಶಿ ಮುಂದೆ ತಪ್ಪಾಯ್ತು ಅಂದ್ರೆ ಏನ್ ಬಂತು? ಈರುಳ್ಳಿ ಹೋಗಿ ಊರಿಗೆ ಹೇಳ್ತದಾ?"

ಕಾಲಿಗೆ ಬೀಳಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

ಅಂದಿನಿಂದ, ಠಾಣೆಯಲ್ಲಿ ಸೇರಿದ್ದ ಆ ಹತ್ತು ಜನರ ಮನೆಗಳಿಗೆ ಹೋಗುತ್ತಿದ್ದೇನೆ. ಬಾಗಿಲಲ್ಲೇ ನಿಂತು ಹೇಳಿ ಬರುತ್ತೇನೆ. ಒಳಗೆ ಕರೆದರೂ ಕೂರುವುದಿಲ್ಲ. ಬಾಯಿಯಿಂದ ಹೇಳಿದ್ದನ್ನು ನಾಳೆ ನಾನೇ ತಿರುಚಬಹುದು — ಎಲ್ಲರಿಗಿಂತ ಹೆಚ್ಚಾಗಿ ಈಗ ನನಗೆ ಅನುಮಾನವಿರುವುದು ನನ್ನ ಮೇಲೆಯೇ. ಅದಕ್ಕೆ ಇಲ್ಲಿ ಬರೆದು ಕೊಟ್ಟಿದ್ದೇನೆ. ಗೆಳೆಯರಿಬ್ಬರೂ ಇನ್ನೂ ಮಾತಾಡಿಲ್ಲ. ಸುಬೇದಾರರು ಒಂದು ಸಂಜೆ ಬೇಲಿಯವರೆಗೆ ಹೋಗಿ ನಿಂತು ಬಂದರಂತೆ.

ಈಗ ನನ್ನ ಬಳಿ ಒಂದು ಜೆಸಿಬಿ ಇದೆ, ಎರಡು ಟ್ರಾಕ್ಟರ್, ಒಂಬತ್ತು ಜನ ಆಳುಗಳು, ತರೀಕೆರೆಯಲ್ಲಿ ಒಂದು ಮನೆ. ಆ ಮುಚ್ಚಳಿಕೆಯ ಜೆರಾಕ್ಸ್ ಒಂದು. ಹತ್ತು ಜನರಲ್ಲಿ ಇಬ್ಬರು ತೀರಿಹೋಗಿದ್ದಾರೆ. ಸಿದ್ರಾಮಣ್ಣನೇ ತಪ್ಪು ಮಾಡಿದ್ದೆಂದು ನಂಬಿಕೊಂಡೇ ಆ ಇಬ್ಬರೂ ಹೋದರು. ಐದು ಮನೆಗೆ ಹೋಗಿ ಬಂದಿದ್ದೇನೆ. ಮೂರು ಉಳಿದಿವೆ.