ದೊಡ್ಡಕ್ಕ ಕಟ್ಟಿ ಮುಗಿಸಿದ ಸಾಲ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ನೆಲಮಾಳಿಗೆಯಲ್ಲಿದೆ. ಮೇಲೆ ವಾರ್ಡುಗಳಲ್ಲಿ ಮಲಗಿದವರಿಗೆ ತಮ್ಮ ಕೆಳಗೆ ಇಷ್ಟು ದೊಡ್ಡ ಯಂತ್ರಗಳು ಹಗಲೆಲ್ಲ ಅರಚುತ್ತವೆ ಎಂಬುದೇ ಗೊತ್ತಿಲ್ಲ. ಅಲ್ಲಿ ಚಾದರ ಮಡಚುತ್ತಲೇ ತಲೆ ನೆರೆತವಳು ದೊಡ್ಡಕ್ಕ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳು ಏನಾದರೂ ಅಂದರೆ ಬಾಯ್ಲರ್ ನೋಡಿಕೊಳ್ಳುವವನಿಂದ ಹಿಡಿದು ಮೇಲ್ವಿಚಾರಕನವರೆಗೆ ಎಲ್ಲರೂ ತಲೆಯಾಡಿಸುತ್ತಿದ್ದರು. ಒಪ್ಪಿಗೆಯಾಗಿ ಅಂತಲ್ಲ, ಬೇಗ ಮುಗಿದರೆ ಸಾಕು ಅಂತ.

ದೊಡ್ಡ ಚಾದರ ಮಡಚುವುದು ಒಬ್ಬರ ಕೈಗೆ ಬಗ್ಗುವ ಕೆಲಸವಲ್ಲ. ಇಬ್ಬರು ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಜೋರಾಗಿ ಒಮ್ಮೆ ಕೊಡವಿ, ಒಬ್ಬರ ಕಡೆಗೊಬ್ಬರು ನಡೆದು ಮೂಲೆ ಕೂಡಿಸಬೇಕು. ದೊಡ್ಡಕ್ಕನ ಎದುರು ನಿಲ್ಲುತ್ತಿದ್ದವಳನ್ನು ಎಲ್ಲರೂ ಲಂಬು ಎನ್ನುತ್ತಿದ್ದರು. ಅಷ್ಟು ಎತ್ತರದ ಹುಡುಗಿ. ಅವಳ ಕೈಯಲ್ಲಿದ್ದ ಚಾದರದ ಅಂಚು ನೆಲ ಮುಟ್ಟಿದ್ದೇ ಇಲ್ಲ. ಯಂತ್ರಗಳ ಗದ್ದಲದಲ್ಲಿ ದೂರ ನಿಂತಾಗ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಮೂಲೆ ಕೂಡಿಸಲು ಹತ್ತಿರ ಬಂದಾಗಷ್ಟೇ ಮಾತು. ಹಾಗಾಗಿ ಅಲ್ಲಿ ಹೊಸ ಸುದ್ದಿಯಾಗಲಿ ಜಗಳವಾಗಲಿ, ಚಾದರಕ್ಕೆ ಒಂದು ವಾಕ್ಯದಂತೆ ಸಾಗುತ್ತಿತ್ತು.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಸುದ್ದಿ. ಓದಿಗಾಗಿ ಸಾಲ ಮಾಡಿ ತೀರಿಸಲಾಗದವರ ಸಾಲವನ್ನು ಸರ್ಕಾರ ಮನ್ನಾ ಮಾಡಬೇಕೋ ಬೇಡವೋ ಎಂಬ ವಾದ. ಕಾರ್ಮಿಕ ಸಂಘಗಳೂ ತಮ್ಮ ಅಭಿಪ್ರಾಯ ತಿಳಿಸಬೇಕಿತ್ತು. ಆಸ್ಪತ್ರೆಯ ಸಂಘ ಮರುದಿನ ಸಂಜೆ ಸಭೆ ಕರೆದಿತ್ತು.

ಊಟದ ಹೊತ್ತಿಗೆ ದೊಡ್ಡಕ್ಕ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಬಾಯಿ ತೆಗೆದಳು.

"ನನ್ನ ಮಗನ ಓದಿನ ಸಾಲ ಯಾರು ತೀರಿಸಿದ್ದು? ಈ ಕೈ ತೀರಿಸಿದ್ದು. ಏಳು ವರ್ಷ ಎರಡೆರಡು ಪಾಳಿ ಮಾಡಿದೀನಿ. ಕಿವೀದು ಮಾರಿದೀನಿ. ಹಲ್ಲು ನೋವು ಅಂತ ಡಾಕ್ಟರ ಹತ್ರ ಹೋಗ್ಲಿಲ್ಲ, ಕೊನೆಗೆ ಹಲ್ಲೇ ಹೋಯ್ತು. ಆಗ ಯಾವ ಸರ್ಕಾರ ಬಂತು? ಈಗ ಇಸ್ತ್ರಿ ಶರ್ಟು ಹಾಕ್ಕೊಂಡು ಕಾರಲ್ಲಿ ಓಡಾಡೋರ ಸಾಲ ನಮ್ಮ ದುಡ್ಡಲ್ಲಿ ತೀರಬೇಕಾ?"

ಯಾರೂ ಎದುರಾಡಲಿಲ್ಲ. ಸುಳ್ಳೇನೂ ಹೇಳಿರಲಿಲ್ಲವಲ್ಲ. ಬಾಗಿಲಲ್ಲಿ ನಿಂತಿದ್ದ ಸಂಘದ ಕಾರ್ಯದರ್ಶಿ, "ದೊಡ್ಡಕ್ಕಾ, ನಾಳೆ ಇದನ್ನೇ ಸಭೇಲಿ ಹೇಳಿ, ಅಲ್ಲಿಗೆ ತೀರ್ಮಾನ ಆದ ಹಾಗೇ," ಎಂದ. ದೊಡ್ಡಕ್ಕ ಉಬ್ಬಿಹೋದಳು. ಲಂಬು ಮಾತ್ರ ತುತ್ತು ಕೈಯಲ್ಲೇ ಹಿಡಿದು ಕೂತಿದ್ದಳು.

ಮಧ್ಯಾಹ್ನದ ಮೊದಲ ಚಾದರ. ಮೂಲೆ ಕೂಡಿಸುವಾಗ ಲಂಬು ಹೇಳಿದಳು. "ಅಕ್ಕಾ, ನಂದೂ ಇದೆ."

ಎರಡನೇ ಚಾದರ. "ಏನಿದೆ?"

"ಸಾಲ."

ಮೂರನೆಯದು. "ಯಾವ ಸಾಲನೇ?"

"ಓದಿಂದು. ನರ್ಸಿಂಗ್ ಓದ್ತಿದ್ದೆ."

ದೊಡ್ಡಕ್ಕ ಮುಂದಿನ ಚಾದರಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಕೊಡವಿದಳು. ಕೊನೆಗೆ ತಡೆಯಲಾಗಲಿಲ್ಲ. "ಇಷ್ಟು ದಿನ ನನ್ನೆದುರೇ ನಿಂತಿದ್ದೀಯ. ಒಂದು ಮಾತು ಹೇಳಬಾರದಿತ್ತಾ?"

"ನೀವು ಬಾಯಿ ಬಿಡೋಕೆ ಬಿಟ್ರೆ ತಾನೆ?"

ಮೈಯೆಲ್ಲ ಉರಿದುಹೋಯಿತು. ಉರಿದದ್ದು ಲಂಬುವಿನ ಮೇಲೋ ತನ್ನ ಮೇಲೋ ದೊಡ್ಡಕ್ಕನಿಗೇ ತಿಳಿಯಲಿಲ್ಲ. ಆ ಸಿಟ್ಟಿನಲ್ಲಿ ಆಗಬಾರದ್ದು ಆಯಿತು. ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವ ಹಸಿರು ಬಟ್ಟೆಗಳನ್ನು ಬೇರೆಯದೇ ರೀತಿ ಮಡಚಬೇಕು. ಒಂದೇ ಎಳೆತಕ್ಕೆ ರೋಗಿಯ ಮೇಲೆ ಹರಡಿಕೊಳ್ಳುವಂತೆ, ಬೀಸಣಿಗೆಯ ಹಾಗೆ. ಹೊಸಬರಿಗೆಲ್ಲ ಅದನ್ನು ಕಲಿಸಿದವಳೇ ದೊಡ್ಡಕ್ಕ. ಅವತ್ತು ಇಡೀ ಗಾಡಿ ತುಂಬ ಹಸಿರು ಬಟ್ಟೆಯನ್ನು ವಾರ್ಡಿನ ಚಾದರದಂತೆ ಚೌಕಾಕಾರವಾಗಿ ಮಡಚಿ ಕಳಿಸಿಬಿಟ್ಟಳು. ಎದುರು ನಿಂತ ಲಂಬುವೂ ಗಮನಿಸಲಿಲ್ಲ. ಗಾಡಿ ಹೋದಷ್ಟೇ ವೇಗದಲ್ಲಿ ವಾಪಸ್ ಬಂತು. ಜೊತೆಗೆ ಮೇಲಿನ ಸಿಸ್ಟರಿಂದ ಮಂಗಳಾರತಿ. ಪಾಳಿ ಮುಗಿದ ಮೇಲೆ ಇಬ್ಬರೂ ಉಳಿದು ಎಲ್ಲವನ್ನೂ ಮತ್ತೆ ಮಡಚಬೇಕಾಯಿತು.

ಯಂತ್ರಗಳು ನಿಂತಿದ್ದವು. ಹತ್ತಿರ ಬರುವವರೆಗೆ ಕಾಯದೆ ಮಾತಾಡಬಹುದಿತ್ತು. ಆದರೂ ಇಬ್ಬರೂ ಮೂಲೆ ಕೂಡುವವರೆಗೆ ಕಾದರು. ದೂರದಿಂದ ಮಾತಾಡುವ ರೂಢಿಯೇ ಇರಲಿಲ್ಲ.

"ಯಾಕೆ ಬಿಟ್ಟೆ?" ದೊಡ್ಡಕ್ಕನೇ ಕೇಳಿದಳು.

"ಅಪ್ಪ ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ರು. ಮನೇಲಿ ದುಡಿಯೋರು ಬೇರೆ ಯಾರೂ ಇರ್ಲಿಲ್ಲ. ಇನ್ನೊಂದು ವರ್ಷ ಬಾಕಿ ಇತ್ತು. ಓದು ನಿಂತ್ರೂ ಬಡ್ಡಿ ನಿಲ್ಲಲ್ವಲ್ಲ ಅಕ್ಕಾ. ಕಟ್ತಾನೇ ಇದೀನಿ, ಅಸಲು ಅಲ್ಲಾಡಿಲ್ಲ. ಅದು ತೀರೋವರೆಗೆ ಕೊನೇ ವರ್ಷಕ್ಕೆ ಯಾವ ಬ್ಯಾಂಕೂ ಸಾಲ ಕೊಡಲ್ಲ."

"ಮನ್ನಾ ಆದ್ರೆ?"

"ಆದ್ರೆ ಮತ್ತೆ ಹೋಗಿ ಸೇರ್ತೀನಿ. ಇಲ್ಲಾಂದ್ರೆ ಇಲ್ಲೇ ನಿಮ್ಮೆದುರಿಗೆ."

ಇಷ್ಟು ದಿನ ದೊಡ್ಡಕ್ಕನ ಕಣ್ಣಲ್ಲಿದ್ದ ಸಾಲಗಾರ ಕಾರಿನಲ್ಲಿ ಕೂತವನು. ಈಗ ನೋಡಿದರೆ ತನ್ನದೇ ಚಾದರದ ಇನ್ನೊಂದು ತುದಿ ಹಿಡಿದು ನಿಂತವಳು. ಈ ಹುಡುಗಿಯ ಒಂದು ವರ್ಷ ನಾಳೆಯ ತನ್ನ ಮಾತಿನ ಮೇಲೂ ನಿಂತಿದೆ ಎಂದು ಅವಳಿಗೆ ಹೊಳೆಯಿತು. ಹಾಗಂತ ಹಳೆಯ ಸಂಕಟವೇನೂ ಕರಗಲಿಲ್ಲ. ನನ್ನ ನೆರವಿಗೆ ಯಾಕೆ ಯಾರೂ ಬರಲಿಲ್ಲ? ಮನೆಗೆ ಹೋಗುವ ದಾರಿಯುದ್ದಕ್ಕೂ ಅದೊಂದೇ ಪ್ರಶ್ನೆ ತಲೆ ತಿಂದಿತು.

ಸಭೆಗೆ ಎಲ್ಲ ವಿಭಾಗದವರೂ ಸೇರಿದ್ದರು. ಕಾರ್ಯದರ್ಶಿ ನಗುನಗುತ್ತಾ ದೊಡ್ಡಕ್ಕನನ್ನು ಕರೆದ. ಅವಳು ಎದ್ದು ನಿಂತಳು, ಸೆರಗು ಸರಿಮಾಡಿಕೊಂಡಳು, ಹುಟ್ಟಿದಾಗಿನಿಂದ ಮೊದಲ ಬಾರಿಗೆ ಮಾತಿಗೆ ತಡಕಾಡಿದಳು.

"ನಾನು ಸಾಲ ಕಟ್ಟಿ ಮುಗಿಸಿದೋಳು. ಅದೆಷ್ಟು ಕಷ್ಟ ಅಂತ ಇಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ಹೇಳ್ತೀನಿ, ಇನ್ನೊಬ್ಬರು ಹಾಗೆ ಕಟ್ಟೋದು ಬೇಡ. ಮನ್ನಾ ಆಗ್ಲಿ."

ಕಾರ್ಯದರ್ಶಿಯ ನಗು ಮುಖದಲ್ಲೇ ನಿಂತುಹೋಯಿತು. ಹಿಂದಿನಿಂದ ಬಾಯ್ಲರಿನವನು ಕೂಗಿದ. "ಅಲ್ಲ ದೊಡ್ಡಕ್ಕಾ, ನಿನ್ನೆ ಬೇರೆ ಹೇಳಿದ್ರಿ! ನೀವು ಕಟ್ಟಿದ್ದು ವಾಪಸ್ ಬರುತ್ತಾ?"

"ಬರಲ್ಲ ಕಣಪ್ಪಾ. ನಂದು ಹೋಯ್ತು. ಹಲ್ಲೂ ಹೋಯ್ತು. ಇನ್ನೊಬ್ಬರ ಹಲ್ಲೂ ಬೀಳಲಿ ಅಂತ ಕಾಯ್ತಾ ಕೂತ್ರೆ ನನಗೆ ಹೊಸದು ಹುಟ್ಟುತ್ತಾ?"

ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ನಿಧಾನಕ್ಕೆ ಕೈಗಳು ಎದ್ದವು. ಅಡುಗೆ ವಿಭಾಗದ ಒಬ್ಬಾಕೆ, ಆಂಬ್ಯುಲೆನ್ಸ್ ಡ್ರೈವರ್, ಗುಡಿಸುವ ಇಬ್ಬರು ಒಬ್ಬೊಬ್ಬರಾಗಿ ಎದ್ದು, "ನಮ್ಮ ಮನೇಲೂ ಇದೆ," ಎಂದರು. ಇಷ್ಟು ವರ್ಷ ಅವರೆಲ್ಲ ಬಾಯಿ ಮುಚ್ಚಿಕೊಂಡಿದ್ದದ್ದು ನಾಚಿಕೆಯಿಂದ. ಎಲ್ಲರೂ ಒಪ್ಪಲಿಲ್ಲ. ಬಾಯ್ಲರಿನವನು ಕೊನೆಯವರೆಗೂ ಕೈ ಎತ್ತಲಿಲ್ಲ. ಆದರೂ ಸಂಘ ಮನ್ನಾದ ಪರ ನಿಂತಿತು.

ವಾದ ಇನ್ನೂ ಬಹಳ ದಿನ ನಡೆಯಿತು. ಕೊನೆಗೆ ಎಲ್ಲರ ಸಾಲವೂ ಮನ್ನಾ ಆಗಲಿಲ್ಲ. ಓದು ಅರ್ಧಕ್ಕೆ ನಿಂತವರದ್ದಷ್ಟೇ ಆಯಿತು. ಅದರಲ್ಲಿ ಲಂಬು ಇದ್ದಳು. ಕಾಲೇಜು ಮತ್ತೆ ಸೇರಿಸಿಕೊಂಡಿತು. ನೆಲಮಾಳಿಗೆಯ ಕೆಲಸದ ಕೊನೆಯ ದಿನ ಮೆಟ್ಟಿಲ ಹತ್ತಿರ ನಿಂತು ಅವಳು ಹೆದರುತ್ತಾ ಕೇಳಿದಳು.

"ಅಕ್ಕಾ, ನಿಜ ಹೇಳಿ. ನನ್ನ ನೋಡಿ ನಿಮಗೆ ಹೊಟ್ಟೆ ಉರಿಯಲ್ವಾ?"

"ಉರಿಯುತ್ತೆ ಕಣೇ, ಯಾಕೆ ಉರಿಯಲ್ಲ?" ದೊಡ್ಡಕ್ಕ ಅವಳ ಕೆನ್ನೆ ತಟ್ಟಲು ಕೈ ಮೇಲೆತ್ತಬೇಕಾಯಿತು. "ಉರೀಲಿ ಬಿಡು. ನೀನು ಪಾಸಾಗು."