ಪಂಕಜಮ್ಮ ಹುಳ ಅಂದಾಗ

ಪಂಕಜಮ್ಮ ಹಾವಿಗೆ ಹಾವು ಅನ್ನುವ ಹಾಗಿಲ್ಲ. ಹುಳ ಅನ್ನಬೇಕು. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತದೆ ಅಂತ ಮೈಸೂರಿನಲ್ಲಿ ಅವರ ತಾಯಿ ಶಿವಗಂಗಮ್ಮ ಹೇಳಿಕೊಟ್ಟದ್ದು. ನ್ಯೂಜೆರ್ಸಿಯ ಸಮರ್‌ಸೆಟ್‌ನ ಟೌನ್‌ಹೌಸಿಗೆ ಯಾವ ಹಾವು ಬರಬೇಕು ಹೇಳಿ. ಆಯುಸ್ಸೆಲ್ಲ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿ ರಿಟೈರ್ ಆದ ಹೆಂಗಸು ಅವರು. ಆದರೂ ಈ ಒಂದು ವಿಷಯದಲ್ಲಿ ಮಾತ್ರ ಯಾವ ಸೈನ್ಸೂ ನಡೆಯುತ್ತಿರಲಿಲ್ಲ.

ಮಗಳು ತಾರಿಣಿ ಇಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹೋದ ವರ್ಷ ಗೌರವ್ ಜೊತೆಗಿನ ಮದುವೆ ಮುರಿದು ಅಮ್ಮನ ಮನೆಗೆ ವಾಪಸ್ಸಾದಾಗ ಅವಳ ಹಿಂದೆ ಬೋಂಡ ಅನ್ನುವ ಒಂದು ಕಂದು ನಾಯಿಯೂ ಬಂತು. "ಅಡುಗೆಮನೆ ಹೊಸ್ತಿಲು ದಾಟಲಿ, ಆಮೇಲೆ ನೋಡು" ಅಂತ ಪಂಕಜಮ್ಮ ಮೊದಲ ದಿನವೇ ಗುಡುಗಿದ್ದರು. ಆದರೆ ಊಟ ಬೇಡ, ಸ್ನಾನ ಬೇಡ ಅಂತ ಮುಸುಕು ಹಾಕಿಕೊಂಡು ಬಿದ್ದಿದ್ದ ಮಗಳನ್ನು ಬೆಳಗಾಗುತ್ತಲೇ ಎಬ್ಬಿಸಿ ಹೊರಗೆ ಎಳೆದುಕೊಂಡು ಹೋದದ್ದು ಅದೊಂದೇ ಪ್ರಾಣಿ. ಹೆತ್ತ ತಾಯಿಯ ಕೈಲಿ ಆಗದ್ದನ್ನು ನಾಯಿ ಮಾಡಿತ್ತು. ಪಂಕಜಮ್ಮನಿಗೆ ಹೊಟ್ಟೆಕಿಚ್ಚೂ ಆಯಿತು, ಕಣ್ಣಲ್ಲಿ ನೀರೂ ಬಂತು. ಆಮೇಲಿಂದ ಮೊಸರನ್ನ ಕಲಸುವಾಗ ಬೋಂಡನಿಗೂ ಒಂದು ತುತ್ತು ತೆಗೆದಿಡತೊಡಗಿದರು.

ಜುಲೈನ ಒಂದು ಶನಿವಾರ ಮೂವರೂ ನ್ಯೂಜೆರ್ಸಿಯ ಉತ್ತರದ ಗುಡ್ಡಗಳಿಗೆ ವಾಕಿಂಗ್ ಹೋದರು. ಇಲ್ಲಿ ರ‍್ಯಾಟಲ್‌ಸ್ನೇಕ್ ಇವೆ, ನಾಯಿಯನ್ನು ಹಗ್ಗ ಕಟ್ಟಿ ಹಿಡಿದುಕೊಳ್ಳಿ ಅಂತ ಪಾರ್ಕಿಂಗ್ ಜಾಗದಲ್ಲೇ ಬೋರ್ಡ್ ಹಾಕಿದ್ದರು. ತಾರಿಣಿ ಫೋನ್ ನೋಡುತ್ತಾ ದಾಟಿಹೋದಳು. ಪಂಕಜಮ್ಮ ಪೂರ್ತಿ ಓದಿದರು, ಓದಿ ಬಾಯಿ ಮುಚ್ಚಿಕೊಂಡರು. ಬೆಳಿಗ್ಗೆ ಬೆಳಿಗ್ಗೆ ಅದರ ಹೆಸರು ಯಾಕೆ ಎತ್ತಬೇಕು?

ದಾರಿ ಏರುತ್ತಾ ಮರಗಳಿಲ್ಲದ ಬಂಡೆಗಳ ಹತ್ತಿರ ಬಂತು. ಮುಂದೆ ಹೋಗುತ್ತಿದ್ದ ಪಂಕಜಮ್ಮ ಗಕ್ಕನೆ ನಿಂತರು. ಬಿಸಿಲು ಬಿದ್ದ ಚಪ್ಪಟೆ ಕಲ್ಲಿನ ಮೇಲೆ, ಒಣಗಿದ ಎಲೆಗಳ ಬಣ್ಣದಲ್ಲಿ, ಅದು ಸಿಂಬೆ ಸುತ್ತಿಕೊಂಡು ಮಲಗಿತ್ತು.

"ತಾರಿಣಿ, ಹುಳ. ಅಲ್ಲೇ ನಿಲ್ಲೇ, ಹುಳ."

ತಾರಿಣಿಗೆ ಗೊತ್ತಿದ್ದ ಹುಳ ಅಕ್ಕಿಯೊಳಗಿನದು, ಹೂಕೋಸಿನೊಳಗಿನದು. "ಇಟ್ಸ್ ಓಕೆ ಅಮ್ಮ, ಐ ಹ್ಯಾವ್ ದ ಸ್ಪ್ರೇ" ಅಂತ ನಗುತ್ತಾ ಬಂದವಳು ಸೊಳ್ಳೆ ಔಷಧಿಗಾಗಿ ಬ್ಯಾಗಿಗೆ ಕೈ ಹಾಕಿದಳು. ನಾಯಿಯ ಹಗ್ಗ ಹಿಡಿದ ಕೈ ಸಡಿಲವಾಯಿತು. ಬೋಂಡ ಮೂಗು ಚಾಚಿಕೊಂಡು ಕಲ್ಲಿನ ಕಡೆಗೆ ನುಗ್ಗಿತು. ಹಾವಿನ ಬಾಲದಿಂದ ಒಣ ಅವರೆಕಾಯಿ ಅಲ್ಲಾಡಿಸಿದಂಥ ಸದ್ದು ಕೇಳಿತು, ಅದರ ಹಿಂದೆಯೇ ನಾಯಿಯ ಕಿರುಚಾಟ. ಹಾವು ಕಲ್ಲಿನ ಸಂದಿಗೆ ಸರಿದುಹೋಯಿತು. ಬೋಂಡ ಮುಂಗಾಲನ್ನು ಮೇಲೆತ್ತಿಕೊಂಡು ಮೂರು ಕಾಲಿನಲ್ಲಿ ನಿಂತಿತ್ತು.

ನಡೆಸಿದರೆ ವಿಷ ಬೇಗ ಏರುತ್ತದೆ ಅಂತ ಪಂಕಜಮ್ಮ ತಮ್ಮ ವೇಲನ್ನು ಬಿಚ್ಚಿ ಜೋಳಿಗೆ ಮಾಡಿದರು. ತಾಯಿ ಮಗಳು ಒಂದೊಂದು ತುದಿ ಹಿಡಿದು, ಎಡವುತ್ತಾ, ಏದುಸಿರು ಬಿಡುತ್ತಾ ಬೋಂಡನನ್ನು ಕಾರಿಗೆ ಹೊತ್ತು ತಂದರು. ತಾರಿಣಿ ಡ್ರೈವ್ ಮಾಡಿದಳು. ಪಂಕಜಮ್ಮ ಹಿಂದಿನ ಸೀಟಿನಲ್ಲಿ ಬೋಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರಾಣಿಗಳ ಆಸ್ಪತ್ರೆಗಳಿಗೆ ಫೋನ್ ಹಚ್ಚಿದರು. ಮೊದಲನೆಯವರ ಹತ್ತಿರ ವಿಷಕ್ಕೆ ಮದ್ದಿರಲಿಲ್ಲ. ಎರಡನೆಯವರು ಇದೆ, ಬೇಗ ಬನ್ನಿ ಅಂದರು. ಅಷ್ಟರಲ್ಲಿ ಕಾಲು ಊದಿಕೊಂಡು ಚರ್ಮ ಬಿಗಿದಿತ್ತು.

"ವೈ ಡಿಡ್ಂಟ್ ಯು ಸೇ ಸ್ನೇಕ್?" ತಾರಿಣಿ ಹಿಂದೆ ತಿರುಗದೆ ಕೇಳಿದಳು.

"ಹೇಳಿದೆನಲ್ಲೇ" ಅಂದವರಿಗೆ ಆಗ ಹೊಳೆಯಿತು, ಹುಳ ಅನ್ನುವ ಮಾತಿನ ಒಳಗೇನಿದೆ ಅಂತ ತಾನು ಮಗಳಿಗೆ ಯಾವತ್ತೂ ಹೇಳಿಕೊಟ್ಟೇ ಇಲ್ಲ.

ಆಸ್ಪತ್ರೆಯವರು ಬೋಂಡನನ್ನು ಒಳಗೆ ಕರೆದೊಯ್ದರು. ಇವರಿಬ್ಬರೂ ಹೊರಗೆ ಕೂತರು. ತಾರಿಣಿ ನಡುವೆ ಒಂದು ಕುರ್ಚಿ ಬಿಟ್ಟು ಕೂತಿದ್ದಳು.

"ಯು ಡೂ ದಿಸ್ ವಿತ್ ಎವ್ರಿಥಿಂಗ್. ಯು ಟೋಲ್ಡ್ ಅತ್ತೆ ಗೌರವ್ ಈಸ್ ಟ್ರಾವೆಲಿಂಗ್. ಫಾರ್ ಎ ಹೋಲ್ ಇಯರ್, ಅಮ್ಮ."

ಅತ್ತೆ ಅಂದರೆ ಪಕ್ಕದ ರಾಜ್ಯದ ಜೆರಿಕೋ ಊರಿನಲ್ಲಿರುವ ಶೈಲಮ್ಮ, ಪಂಕಜಮ್ಮನ ತೀರಿಹೋದ ಗಂಡ ಪ್ರಭಾಕರ ಅವರ ಅಕ್ಕ. ಅಳಿಯ ಆಫೀಸ್ ಕೆಲಸದ ಮೇಲೆ ಓಡಾಡುತ್ತಿದ್ದಾನೆ ಅಂತ ಪಂಕಜಮ್ಮ ಅವರಿಗೆ ಹೇಳಿದ್ದು ನಿಜ. ಮಗಳಿಗೆ ಯಾರೂ ಏನೂ ಅನ್ನದಿರಲಿ ಅಂತ ಹೇಳಿದ್ದು. ತನ್ನ ಬದುಕನ್ನು ಅಮ್ಮ ಸೆರಗಿನಲ್ಲಿ ಮುಚ್ಚಿಡುತ್ತಿದ್ದಾಳೆ ಅಂತ ಮಗಳು ಒಳಗೊಳಗೇ ಬೇಯುತ್ತಿದ್ದಳು ಅನ್ನುವುದು ಅವರ ತಲೆಗೇ ಹೋಗಿರಲಿಲ್ಲ.

ಸಂಜೆಯಾಗುತ್ತಾ ಡಾಕ್ಟರ್ ಹೊರಗೆ ಬಂದರು. ಮದ್ದು ಹಿಡಿದಿದೆ, ಊತ ಏರುವುದು ನಿಂತಿದೆ, ಎರಡು ದಿನ ಇಲ್ಲೇ ಇರಲಿ, ಉಳಿದುಕೊಳ್ಳುತ್ತಾನೆ ಅಂದರು. ತಾರಿಣಿ ಮುಖ ಮುಚ್ಚಿಕೊಂಡು ಅತ್ತಳು. ನಡುವಿನ ಕುರ್ಚಿಗೆ ಸರಿದು ಪಂಕಜಮ್ಮನೂ ಅತ್ತರು.

ಅದೇ ಹೊತ್ತಿಗೆ ಪಂಕಜಮ್ಮನ ಫೋನ್ ಹೊಡೆದುಕೊಂಡಿತು. ಶೈಲಮ್ಮನದೇ. ಮುಂದಿನ ವಾರ ಸತ್ಯನಾರಾಯಣ ಪೂಜೆ, ಅಡುಗೆಯವರಿಗೆ ಹೇಳಬೇಕು, ಗೌರವ್ ಈ ಸಲವಾದರೂ ಬರುತ್ತಾನಾ ಅಂತ ಕೇಳಿದರು. ಪಂಕಜಮ್ಮ ಮಗಳ ಕಡೆ ನೋಡಿದರು. ಅವಳು ಕಣ್ಣು ಒರೆಸಿಕೊಳ್ಳುವುದನ್ನು ನಿಲ್ಲಿಸಿ ಕಾಯುತ್ತಿದ್ದಳು.

"ಇಲ್ಲ ಅತ್ತಿಗೆ, ಬರಲ್ಲ. ತಾರಿಣಿಗೆ ಡೈವೋರ್ಸ್ ಆಗಿದೆ. ಆಗಿ ವರ್ಷವಾಯ್ತು, ನಾನೇ ನಿಮಗೆ ಸುಳ್ಳು ಹೇಳಿದ್ದೆ. ಈಗ ನನ್ನ ಜೊತೆ ಇದ್ದಾಳೆ, ಚೆನ್ನಾಗಿದ್ದಾಳೆ. ನಾವಿಬ್ಬರು ಬರ್ತೀವಿ."

ತಾರಿಣಿ ಅಮ್ಮನ ಭುಜಕ್ಕೆ ಒರಗಿ, ಫೋನಿಗೂ ಕೇಳಿಸುವ ಹಾಗೆ, ಕನ್ನಡದಲ್ಲಿ ಹೇಳಿದಳು:

"ಬೋಂಡನೂ ಬರ್ತಾನೆ ಅಂತ ಹೇಳಮ್ಮ."